ಮಕ್ಕಳ ರಕ್ಷಣಾ ನೀತಿ ಕಡತದಲ್ಲಿದೆ. ನಿಮ್ಮ ಶಾಲೆಯಲ್ಲಿ ದಿನಾ ಏನು ಮಾಡುತ್ತೀರಿ?

ಪ್ರಶ್ನೆ: ಗಂಗಾವಳಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಅಂಕೋಲಾ, ಕುಮಟಾ ನಡುವಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಈ ವರ್ಷ ಮಕ್ಕಳ ರಕ್ಷಣೆಯ ಜವಾಬ್ದಾರಿಯನ್ನು ನನಗೆ ವಹಿಸಿದ್ದಾರೆ.

ಕಡತಕ್ಕೆ ಏನೂ ಕೊರತೆ ಇಲ್ಲ. 2016ರ ರಾಜ್ಯ ಮಕ್ಕಳ ರಕ್ಷಣಾ ನೀತಿಯ ಪ್ರತಿ ಇದೆ. ಸಮಿತಿಯವರ ಹೆಸರಿದೆ, ಎಲ್ಲರ ಸಹಿ ಇದೆ. ಗೋಡೆಯ ಮೇಲೆ ದೊಡ್ಡದಾಗಿ ಮಕ್ಕಳ ಸಹಾಯವಾಣಿ 1098 ಎಂದು ಬರೆಸಿದ್ದೇವೆ. ಸಿಆರ್‌ಪಿ (ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವವರು) ಬಂದು ನೋಡಿ ಸರಿಯಾಗಿದೆ ಎಂದು ಹೋದರು. ಆದರೆ ಒಂದು ಮಗು ನಾಳೆ ನನ್ನ ಹತ್ತಿರ ಬಂದು ಏನಾದರೂ ಹೇಳಿದರೆ ನಾನು ಏನು ಮಾಡಬೇಕು, ಏನು ಮಾಡಬಾರದು ಎಂಬುದು ಆ ಕಡತ ಓದಿದ ಮೇಲೂ ನನಗೆ ಸ್ಪಷ್ಟ ಆಗಿಲ್ಲ. ಬಿಸಿಯೂಟದ ಅಡುಗೆಯವರಿಗೆ, ಅತಿಥಿ ಶಿಕ್ಷಕರಿಗೆ ಅದರಲ್ಲಿ ಏನಿದೆ ಎಂದೇ ಗೊತ್ತಿಲ್ಲ.

ಸಲಹಾ ಪೆಟ್ಟಿಗೆ ಹೆಡ್ ಮಾಸ್ತರರ ಕೋಣೆ ಬಾಗಿಲಲ್ಲಿದೆ. ಶನಿವಾರ ತೆಗೆದರೆ "ಬ್ಯಾಟ್ ಬೇಕು", "ಚಿತ್ರಾನ್ನ ಮಾಡಿ" ಅಂತ ನಾಲ್ಕು ಚೀಟಿ. ಬೇರೇನೂ ಇರುವುದಿಲ್ಲ.

ನಮ್ಮಲ್ಲಿ ಜಾಸ್ತಿ ಮಕ್ಕಳು ಮೀನುಗಾರರ ಮನೆಯವರು. ಅಪ್ಪ ಬೋಟಿಗೆ ಹೋದರೆ ದಿನಗಟ್ಟಲೆ ಮನೆಯಲ್ಲಿ ಇರುವುದಿಲ್ಲ. ಅಮ್ಮ ಬೆಳಗಿನ ಜಾವಕ್ಕೇ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಾರೆ. ಮಗು ಒಂದು ದಿನ ಅಜ್ಜಿ ಮನೆ, ಒಂದು ದಿನ ಪಕ್ಕದ ಮನೆ. ಯಾರ ಜೊತೆ ಇರುತ್ತದೆ ಎಂದು ನಮಗೆ ತಿಳಿಯುವುದೇ ಇಲ್ಲ. ಸುಮ್ನೆ ಕಡತ ತುಂಬಿಸಿ ಕೂರಲು ನನಗೆ ಮನಸ್ಸಿಲ್ಲ. ನಿಮ್ಮ ನಿಮ್ಮ ಶಾಲೆಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಹೇಳುತ್ತೀರಾ?

ಉತ್ತರ: ಘಟ್ಟದ ಮೇಲಿನವಳು

ತಂಗಿ, ನಾನು ಶಿರಸಿ ಕಡೆಯವಳು. ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದೆ. ಕೊನೆಯ ಶಾಲೆ ಸಿದ್ದಾಪುರದ ಕಡೆ ಒಳಗೆ, ಮಕ್ಕಳು ಕಾಲುಸಂಕ ದಾಟಿ ಬರುವ ಊರು. ನಾವು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಊರಿಗೆ ಹೊಂದುವುದನ್ನು ಇಟ್ಟುಕೊಳ್ಳಿ.

ಮೊದಲು ಆ ಪೆಟ್ಟಿಗೆಯನ್ನು ಅಲ್ಲಿಂದ ತೆಗೆಯಿರಿ. ಹೆಡ್ ಮಾಸ್ತರರ ಬಾಗಿಲಲ್ಲಿ ನಿಂತು ಚೀಟಿ ಹಾಕುವ ಮಗುವನ್ನು ಇಡೀ ಶಾಲೆ ನೋಡುತ್ತದೆ. ನಾವು ನೀರು ಕುಡಿಯುವ ಜಾಗದ ಪಕ್ಕ, ಒಂದನೇ ತರಗತಿಯ ಮಗುವಿಗೂ ಕೈ ಎಟಕುವಷ್ಟು ಕೆಳಗೆ ಹಾಕಿಸಿದ್ದೆವು. ಶುಕ್ರವಾರ ಪ್ರತಿ ಮಗುವೂ ಒಂದು ಚೀಟಿ ಹಾಕಲೇಬೇಕು ಎಂದು ಮಾಡಿದೆವು. ಹೇಳಲು ಏನೂ ಇಲ್ಲದಿದ್ದರೆ ಖಾಲಿ ಕಾಗದ, ಇಲ್ಲವೇ ಒಂದು ಹೂವಿನ ಚಿತ್ರ. ಎಲ್ಲರೂ ಹಾಕುವಾಗ ಯಾರು ಏನು ಹಾಕಿದರು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಇನ್ನೊಂದು ಮಾತು. "ಬ್ಯಾಟ್ ಬೇಕು" ಚೀಟಿಯನ್ನು ಹಗುರ ಮಾಡಬೇಡಿ. ಬ್ಯಾಟ್ ಕೇಳಿದ್ದಕ್ಕೆ ಉತ್ತರ ಬಂತಾ ಎಂದು ಮಕ್ಕಳು ನೋಡುತ್ತಿರುತ್ತಾರೆ. ಅದಕ್ಕೇ ಉತ್ತರ ಬಾರದಿದ್ದರೆ ಅದಕ್ಕಿಂತ ದೊಡ್ಡದನ್ನು ಯಾಕೆ ಬರೆದಾರು?

ಎರಡನೆಯದು, ಮಕ್ಕಳಿಂದಲೇ ಶಾಲೆಯ ನಕ್ಷೆ ಬರೆಸಿ. ಕೋಣೆ, ಬಾವಿ, ಶೌಚಾಲಯ, ಅಡುಗೆಮನೆ, ಮನೆಗೆ ಹೋಗುವ ದಾರಿ ಎಲ್ಲಾ ಬರಲಿ. ಇಷ್ಟದ ಜಾಗಕ್ಕೆ ಹಸಿರು, ಹೋಗಲು ಹೆದರಿಕೆಯಾಗುವ ಜಾಗಕ್ಕೆ ಕೆಂಪು. ಯಾಕೆ ಎಂದು ಎಲ್ಲರ ಎದುರು ಕೇಳಬೇಡಿ. ನಮ್ಮಲ್ಲಿ ಆರು, ಏಳನೇ ತರಗತಿಯ ಹುಡುಗಿಯರು ಒಬ್ಬರೂ ಬಿಡದೆ ಶೌಚಾಲಯಕ್ಕೆ ಕೆಂಪು ಬಳಿದಿದ್ದರು. ಹೋಗಿ ನೋಡಿದರೆ ಒಳಗಿನ ಚಿಲಕ ಕಿತ್ತುಹೋಗಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಆ ಸಂಜೆಯೇ ಹೊಸ ಚಿಲಕ ಹಾಕಿಸಿದೆವು. ಕೆಲವು ಗಂಡು ಮಕ್ಕಳು ಸೌದೆ ಕೊಟ್ಟಿಗೆಯ ಹಿಂದೆ ಕೆಂಪು ಹಾಕಿದ್ದರು. ಅಲ್ಲಿ ಊರಿನ ದೊಡ್ಡ ಹುಡುಗರು ಬಂದು ಕೂರುತ್ತಿದ್ದರು. ಗಂಡು ಮಕ್ಕಳಿಗೆ ಏನಾಗುತ್ತದೆ ಎಂದು ಬಿಡುವವರು ಜಾಸ್ತಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೇ, ಗಂಡು ಹೆಣ್ಣು ಎಂಬ ಭೇದ ಅದರಲ್ಲಿ ಇಲ್ಲ.

ಈಗ ನೀವು ಕೇಳಿದ ಮುಖ್ಯ ವಿಷಯ. ಮಗು ಬಂದು ಹೇಳಿತು. ಆ ಮೊದಲ ಐದು ನಿಮಿಷದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ಮಗು ಮುಂದೆ ಬಾಯಿ ಬಿಡುತ್ತದೋ ಇಲ್ಲವೋ ನಿಂತಿದೆ. ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು, ಮಗುವಿನ ಎತ್ತರಕ್ಕೆ ಕುಳಿತುಕೊಳ್ಳಿ. "ಹೇಳು, ಕೇಳುತ್ತಿದ್ದೇನೆ" ಅನ್ನಿ. "ಅಯ್ಯೋ" ಎನ್ನಬೇಡಿ. "ಆಗಲೇ ಯಾಕೆ ಹೇಳಲಿಲ್ಲ?" ಎಂದು ಖಂಡಿತ ಕೇಳಬೇಡಿ. "ಅವರು ಇಲ್ಲಿ ಮುಟ್ಟಿದರಾ?" ಎಂದು ನೀವಾಗಿ ಮಾತು ಬಾಯಿಗೆ ಹಾಕಬೇಡಿ. ಹೇಳಿ ಮುಗಿದ ಮೇಲೆ, "ನನಗೆ ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ" ಎಂದು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು.

"ಯಾರಿಗೂ ಹೇಳಬೇಡಿ ಅಕ್ಕೋರೆ" ಎಂದರೆ? ಎಲ್ಲರಿಗೂ ಕಷ್ಟವಾಗುವುದು ಇಲ್ಲೇ. ಹೇಳುವುದಿಲ್ಲ ಎಂದು ಮಾತು ಕೊಟ್ಟು ಆಮೇಲೆ ಮುರಿಯಬೇಡಿ. "ನಿನ್ನನ್ನು ಕಾಪಾಡಲು ಒಬ್ಬಿಬ್ಬರಿಗೆ ಹೇಳಲೇಬೇಕಾಗುತ್ತದೆ. ಅವರು ಯಾರು ಎಂದು ಮೊದಲು ನಿನಗೆ ಹೇಳುತ್ತೇನೆ. ನಿನ್ನ ಗೆಳತಿಯರಿಗೆ, ಬೇರೆ ಮಾಸ್ತರರಿಗೆ ಗೊತ್ತಾಗುವುದಿಲ್ಲ." ಹೀಗೆ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಮಗು ಹೋದ ತಕ್ಷಣ ಬರೆದಿಡಿ. ನಾವು ಒಂದು ಉದ್ದ ವಹಿ ಇಟ್ಟಿದ್ದೆವು, ಕಪಾಟಿನಲ್ಲಿ ಬೀಗ ಹಾಕಿ. ತಾರೀಕು, ಗಂಟೆ, ಎಲ್ಲಿ ಕೂತಿದ್ದೆವು, ಬೇರೆ ಯಾರಿದ್ದರು. ಆಮೇಲೆ ಮಗುವಿನ ಮಾತು, ಮಗು ಹೇಳಿದ ಹಾಗೆಯೇ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ. ನೀವು ಕೇಳಿದ ಪ್ರಶ್ನೆಯೂ ಅದರಲ್ಲಿ ಇರಲಿ. "ಮಗು ಗಾಬರಿಯಲ್ಲಿತ್ತು" ಎನ್ನುವುದಕ್ಕಿಂತ "ಲಂಗದ ಅಂಚು ತಿರುಚುತ್ತಾ ನೆಲ ನೋಡಿ ಮಾತಾಡಿತು" ಎಂದು ಕಂಡದ್ದನ್ನು ಬರೆಯಿರಿ. ನಿಮ್ಮ ಅಭಿಪ್ರಾಯ ಬೇಡ.

ಇದು ಅಡುಗೆಯವರಿಗೂ ಗೊತ್ತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟೋ ಮಕ್ಕಳು ಮೊದಲು ಬಾಯಿ ಬಿಡುವುದು ಅನ್ನ ಬಡಿಸುವ ಅಮ್ಮನ ಹತ್ತಿರ. ಅವರಿಗೆ ನೀತಿಯ ಪುಟ ಓದಿಸುವುದು ಬೇಡ. ಕೇಳಿಸಿಕೊಳ್ಳಿ, ಬೈಯಬೇಡಿ, ಬೇರೆಯವರ ಹತ್ತಿರ ಆಡಬೇಡಿ, ಅದೇ ದಿನ ಅಕ್ಕೋರಿಗೆ ತಿಳಿಸಿ. ಇಷ್ಟು ಅವರ ಬಾಯಲ್ಲೇ ಹೇಳಿಸಿ ನೋಡಿ.

ಉತ್ತರ: ಪಿಟಿ ಮಾಸ್ತರ್, ಹೊನ್ನಾವರ

ಮೇಲಿನ ಮೇಡಂ ಹೇಳಿದ್ದೆಲ್ಲ ಸರಿ. ನಾನು ಹೈಸ್ಕೂಲಿನ ದೈಹಿಕ ಶಿಕ್ಷಕ. ಗಂಡಸು ಶಿಕ್ಷಕರ ಕಡೆಯಿಂದ ನಾಲ್ಕು ಮಾತು.

ಕಬಡ್ಡಿ, ಲಾಂಗ್ ಜಂಪ್ ಕಲಿಸುವಾಗ ಕೈ ಹಿಡಿದು, ಭುಜ ತಿದ್ದಿ ತೋರಿಸಬೇಕಾಗುತ್ತದೆ. "ಭುಜ ಹಿಡಿದು ತೋರಿಸುತ್ತೇನೆ, ಆಗಬಹುದಾ?" ಎಂದು ಮೊದಲೇ ಕೇಳುತ್ತೇನೆ. ಬೇಡ ಎಂದರೆ ಇನ್ನೊಬ್ಬ ಆಟಗಾರ್ತಿಯಿಂದ ತೋರಿಸುತ್ತೇನೆ. ಮಕ್ಕಳಿಗೆ ಬೇಡ ಎಂದು ಹೇಳುವ ಅಭ್ಯಾಸ ಆಗುವುದೇ ಹೀಗೆ. ಮಾಸ್ತರಿಗೆ ಬೇಡ ಎನ್ನಬಹುದು, ಮಾಸ್ತರ್ ಸಿಟ್ಟಾಗುವುದಿಲ್ಲ ಎಂದು ಮೈದಾನದಲ್ಲಿ ಕಲಿತ ಮಗು ಹೊರಗೂ ಹಾಗೆ ಹೇಳುತ್ತದೆ.

ಕ್ರೀಡಾಕೂಟ, ಪ್ರತಿಭಾ ಕಾರಂಜಿಗೆ ಹುಡುಗಿಯರನ್ನು ಕರೆದುಕೊಂಡು ಹೋಗುವಾಗ ಮಹಿಳಾ ಶಿಕ್ಷಕಿ ಅಥವಾ ಒಬ್ಬ ತಾಯಿ ಬರಲೇಬೇಕು. ಯಾರೂ ಸಿಗಲಿಲ್ಲ ಎಂದರೆ ತಂಡ ಹೊರಡುವುದಿಲ್ಲ. ಟೆಂಪೋ ನಂಬರು, ಚಾಲಕರ ಫೋನು ಹೆಡ್ ಮಾಸ್ತರರ ಹತ್ತಿರ ಇರುತ್ತದೆ. ಮಕ್ಕಳಿಗೆ ಒಬ್ಬೊಬ್ಬರಿಗೇ ವಾಟ್ಸ್ಆಪ್ ಮಾಡುವುದಿಲ್ಲ, ಏನಿದ್ದರೂ ಪಾಲಕರ ಗುಂಪಿನಲ್ಲಿ.

ವಾರ್ಷಿಕೋತ್ಸವದ ಗ್ಯಾದರಿಂಗ್‌ಗೆ ಡ್ಯಾನ್ಸ್ ಕಲಿಸಲು, ಯಕ್ಷಗಾನ ಹೆಜ್ಜೆ ಕಲಿಸಲು ಹೊರಗಿನವರು ಬರುತ್ತಾರಲ್ಲ, ಅವರನ್ನು ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಭ್ಯಾಸ ಬೇಡ. 2020ರ ಪೋಕ್ಸೊ ನಿಯಮಗಳಲ್ಲಿ ಸ್ಪಷ್ಟವಾಗಿದೆ: ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಶಾಲೆ ಆಗಾಗ ಮಾಡಿಸಬೇಕು, ಕಾಯಂ ಇರಲಿ, ಗುತ್ತಿಗೆ ಇರಲಿ. "ನಮ್ಮೂರಿನವನೇ, ಗೊತ್ತಿರುವವನೇ" ಎಂದು ಬಿಡುತ್ತೇವೆ. ನನ್ನನ್ನೂ ಪರಿಶೀಲಿಸಲಿ, ನನಗೆ ಅದರಲ್ಲಿ ಅವಮಾನ ಏನಿದೆ?

ಉತ್ತರ: ಬೈತಖೋಲ ಬೋಟಿನವ

ನಾನು ಶಿಕ್ಷಕ ಅಲ್ಲ. ಕಾರವಾರದವ, ಬೋಟಿಗೆ ಹೋಗುವವ. ಮಗಳ ಶಾಲೆಯ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಇದ್ದೇನೆ.

ಅಕ್ಕೋರೆ, ಪಾಲಕರ ಸಭೆಗೆ ಅಪ್ಪಂದಿರು ಬರುವುದಿಲ್ಲ ಎಂದು ಎಲ್ಲರೂ ದೂರುತ್ತಾರೆ. ಸಭೆ ಇಡುವುದು ಸೀಸನ್ನಿನಲ್ಲಿ. ನಾವು ಸಮುದ್ರದಲ್ಲಿ ಇರುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿ, ನಾವೂ ಮನೆಯಲ್ಲಿ ಬಲೆ ರಿಪೇರಿ ಮಾಡುತ್ತಾ ಇರುತ್ತೇವೆ. ಶಾಲೆ ಶುರುವಾಗುವುದೂ ಆಗಲೇ. ಮಕ್ಕಳ ರಕ್ಷಣೆಯ ಸಭೆಯನ್ನು ಆಗ ಇಡಿ. ನಮ್ಮಲ್ಲಿ ಹಾಗೆ ಮಾಡಿದಾಗ ಅಪ್ಪಂದಿರು ಬಂದು ಕೂತಿದ್ದರು. ನಾವು ಇಲ್ಲದಾಗ ಮಗು ಯಾರ ಮನೆಯಲ್ಲಿ ಇರುತ್ತದೆ, ಶಾಲೆಯಿಂದ ಯಾರು ಕರೆದುಕೊಂಡು ಹೋಗಬಹುದು, ಯಾರು ಹೋಗಬಾರದು ಎಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟೆವು. ಅಲ್ಲಿ ಹೆಸರಿಲ್ಲದವರ ಜೊತೆ ಮಗುವನ್ನು ಕಳಿಸುವುದಿಲ್ಲ, ಸ್ವಂತ ಚಿಕ್ಕಪ್ಪ ಬಂದರೂ.

ಒಂದು ಪ್ರಶ್ನೆ ನನ್ನದೂ ಇದೆ. ಮಗು ಏನಾದರೂ ಹೇಳಿದರೆ ಶಾಲೆಯವರು ಮೊದಲು ನಮಗೆ ಹೇಳುತ್ತಾರಾ, ಪೊಲೀಸರಿಗಾ?

ಉತ್ತರ: ಘಟ್ಟದ ಮೇಲಿನವಳು

ತಮ್ಮಾ, ಆ ಕಾಗದದ ಉಪಾಯ ಬಹಳ ಒಳ್ಳೆಯದು. ಎಲ್ಲ ಶಾಲೆಯವರೂ ಮಾಡಬಹುದು.

ನಿಮ್ಮ ಪ್ರಶ್ನೆಗೆ: ಮನೆಯ ಒಳಗಿನವರ ಮೇಲೇ ಮಗು ಹೇಳಿದ್ದರೆ ಮೊದಲು ಮನೆಗೆ ತಿಳಿಸುವುದು ಮಗುವಿಗೆ ಅಪಾಯ. ಹೊರಗಿನವರಾದರೆ ತಂದೆ ತಾಯಿಗೂ ಅದೇ ದಿನ ಹೇಳಬೇಕು, ಅವರು ಮಗುವಿನ ಜೊತೆ ನಿಲ್ಲಬೇಕಾದವರು. ಆದರೆ ಎರಡರಲ್ಲೂ ಪೊಲೀಸರಿಗೆ ತಿಳಿಸಲು ಪಾಲಕರ ಒಪ್ಪಿಗೆ ಬೇಕಿಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ 19ನೇ ಕಲಂ ಹೇಳುತ್ತದೆ. ಇದು ಶಿಕ್ಷಕರಿಗೆ ಗೊತ್ತಿಲ್ಲ. ಜೈಲಿನ ಮಾತು ಮಾತ್ರ ಕೇಳಿ ಹೆದರುತ್ತಾರೆ.

ಮರುಪ್ರಶ್ನೆ: ಗಂಗಾವಳಿ ಅಕ್ಕೋರು

ಎಲ್ಲರಿಗೂ ಧನ್ಯವಾದ. ಪೆಟ್ಟಿಗೆಯ ಜಾಗ ಬದಲಿಸುತ್ತೇನೆ. ಅಡುಗೆಯವರ ಜೊತೆ ಕೂತು ಮಾತಾಡುತ್ತೇನೆ.

ಈಗ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಡುತ್ತೇನೆ. [ಕೆಲವು ಪದಗಳನ್ನು ಬರೆದವರೇ ತೆಗೆದಿದ್ದಾರೆ] ಒಂದು ಮಗು ಈಚೆಗೆ ಶಾಲೆ ಬಿಟ್ಟ ಮೇಲೂ ಹೊರಡುವುದಿಲ್ಲ. ಬೆಂಚು ಜೋಡಿಸುತ್ತದೆ, ಬೋರ್ಡು ಒರೆಸುತ್ತದೆ. "ಅವರು ಮನೆಗೆ ಬಂದ ದಿನ ನಾನು ಹೋಗುವುದಿಲ್ಲ" ಎಂದು ಹೇಳಿತು. ಅಷ್ಟೇ. ಬೇರೇನೂ ಹೇಳಿಲ್ಲ. ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಕೆಟ್ಟವರಲ್ಲ. "ಸುಮ್ನೆ ಒಂದು ಮನೆಯ ಮರ್ಯಾದೆ ಹೋಗಬಾರದು, ಮೊದಲು ನಾವೇ ವಿಚಾರಿಸೋಣ, ಊರಿನ ಹಿರಿಯರನ್ನು ಕರೆದು ಮಾತಾಡೋಣ" ಎನ್ನುತ್ತಾರೆ. ಸಾಕ್ಷಿ ಏನೂ ಇಲ್ಲವಲ್ಲ. ಏನು ಮಾಡಲಿ?

ಉತ್ತರ: ಘಟ್ಟದ ಮೇಲಿನವಳು

ತಂಗಿ, ಮೊದಲು ಪೋಸ್ಟ್ ತಿದ್ದಿ. ತರಗತಿ, ಮನೆ ಇರುವ ಜಾಗ ಬರೆದಿದ್ದೀರಿ, ತೆಗೆಯಿರಿ. ಗೊತ್ತಿದ್ದವರು ಓದಿದರೆ ಮಗು ಯಾರೆಂದು ತಿಳಿಯುತ್ತದೆ. ಹೆಸರಿರಲಿ, ಶಾಲೆ, ಓಣಿ, ಮನೆಯವರು, ಫೋಟೊ, ಗುರುತು ಹತ್ತುವ ಯಾವುದನ್ನೂ ಬಹಿರಂಗ ಮಾಡಬಾರದು ಎಂದು ಪೋಕ್ಸೊ ಕಾಯ್ದೆಯೇ ಹೇಳುತ್ತದೆ. ಶಿಕ್ಷಕರ ವಾಟ್ಸ್ಆಪ್ ಗುಂಪಿಗೂ ಹಾಕಬೇಡಿ.

ಊರಿನ ಹಿರಿಯರನ್ನು ಕರೆಯುವುದು ಖಂಡಿತ ಬೇಡ. ನಮ್ಮ ಜಿಲ್ಲೆಯಲ್ಲಿ ಗದ್ದೆಯ ಅಂಚು, ನೀರಿನ ಪಾಲು, ದಾರಿಯ ತಕರಾರು ಎಲ್ಲ ಹಿರಿಯರು ಕೂತು ಬಗೆಹರಿಸುತ್ತಾರೆ, ಅದು ಒಳ್ಳೆಯದೇ. ಆದರೆ ಮಗುವಿನ ಮೈ ಮನಸ್ಸಿನ ವಿಷಯ ಅಂಚಿನ ತಕರಾರಲ್ಲ. ಹಿರಿಯರಿಗೆ ಹೋದ ಸುದ್ದಿ ಆ ಸಂಜೆಯೇ ಆ ಮನೆಗೆ ಹೋಗುತ್ತದೆ. ಮಗು ರಾತ್ರಿ ಅದೇ ಮನೆಯಲ್ಲಿ ಮಲಗಬೇಕು. ಮರುದಿನ "ನಾನು ಹಾಗೆ ಹೇಳಲೇ ಇಲ್ಲ" ಎನ್ನುತ್ತದೆ. ಆಗ ಎಲ್ಲರೂ ಸುಳ್ಳು ಹೇಳಿತು ಅನ್ನುತ್ತಾರೆ. ಇಂಥದ್ದು ಕಣ್ಣಾರೆ ಕಂಡಿದ್ದೇನೆ, ಯಾವ ಊರು ಎಂದು ಹೇಳುವುದಿಲ್ಲ.

ನಾವೇ ವಿಚಾರಿಸುವುದೂ ಬೇಡ. ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾ ಹೋದರೆ ಮಗುವಿನ ಮಾತು ಪ್ರತಿ ಸಲ ಸ್ವಲ್ಪ ಬದಲಾಗುತ್ತದೆ, ಮಗುವಿಗೆ ನೋವೂ ಜಾಸ್ತಿ. ನಿಜವೋ ಸುಳ್ಳೋ ತೀರ್ಮಾನಿಸುವುದು ಶಾಲೆಯ ಕೆಲಸ ಅಲ್ಲವೇ ಅಲ್ಲ. ಕೇಳಿಸಿಕೊಂಡು, ಬರೆದು, ದಾಟಿಸುವುದು ಮಾತ್ರ ನಮ್ಮದು. ಹೆಡ್ ಮಾಸ್ತರರಿಗೆ ಇದನ್ನು ಹೀಗೆ ಹೇಳಿ ನೋಡಿ, ಅವರ ಹೆಗಲ ಭಾರವೂ ಇಳಿಯುತ್ತದೆ.

ಸಾಕ್ಷಿ ಕೇಳಿದಿರಿ. ಕಾಯ್ದೆ ಸಾಕ್ಷಿ ತನ್ನಿ ಎಂದು ಹೇಳುವುದಿಲ್ಲ. ಅಪರಾಧ ನಡೆಯಬಹುದು ಎಂಬ ಆತಂಕ ಇದ್ದರೂ ತಿಳಿಸಬೇಕು ಎನ್ನುತ್ತದೆ. ನಿಮ್ಮ ಮಗು ಹೇಳಿದ್ದು ಒಂದೇ ವಾಕ್ಯ, ಅದರ ಅರ್ಥ ಏನೇ ಇರಬಹುದು. ಹೊಡೆಯುವವರಿರಬಹುದು, ಕುಡಿದು ಗಲಾಟೆ ಮಾಡುವವರಿರಬಹುದು. ಯಾವುದಾದರೂ ಮಗುವಿಗೆ ಮನೆ ಎಂದರೆ ಹೆದರಿಕೆ ಎಂಬುದು ಅಷ್ಟೇ ಸಾಕು. ಇವತ್ತೇ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಇಲ್ಲ. ಮಗು ಹೇಳಿದ ವಾಕ್ಯ ಹಾಗೆಯೇ ಓದಿ ಹೇಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಮಕ್ಕಳ ಕಲ್ಯಾಣ ಸಮಿತಿಗೆ ಮುಟ್ಟಿಸುವ ದಾರಿ ಅವರಿಗೆ ಗೊತ್ತು. ಇನ್ನೂ ಏನಾದರೂ ಸ್ಪಷ್ಟವಾಗಿ ಹೇಳಿತು ಅಂದರೆ ನೇರ ಪೊಲೀಸ್ ಠಾಣೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು.

ಪೊಲೀಸ್ ಅಂದರೆ ಎಲ್ಲರಿಗೂ ಠಾಣೆ, ಖಾಕಿ ಕಣ್ಣಿಗೆ ಬರುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ಬರೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ಇಲ್ಲದೆ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹೆಣ್ಣು ಮಗುವಾದರೆ ಪರೀಕ್ಷೆ ಮಾಡುವುದು ಮಹಿಳಾ ವೈದ್ಯರೇ. ಹೀಗೆ ನಡೆಯದಿದ್ದರೆ ಕೇಳುವ ಹಕ್ಕು ನಿಮಗಿದೆ.

ರಾಜಿಯ ಮಾತು ಬಂದರೆ ಹೇಳಲು ಒಂದು ತೀರ್ಪು. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲೆ ಪೋಕ್ಸೊ ಕೇಸು ಆಗಿತ್ತು. ಮಗುವಿನ ತಂದೆಯ ಜೊತೆ ರಾಜಿಯಾಯಿತು ಎಂದು ಅಲ್ಲಿನ ಹೈಕೋರ್ಟ್ ಕೇಸು ರದ್ದು ಮಾಡಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ ಕೇಸು ಮುಂದುವರಿಯಲಿ ಎಂದಿತು. ಅಪ್ಪ ಒಪ್ಪಿದರೂ ಮುಗಿಯುವ ವಿಷಯ ಇದಲ್ಲ.

ಉತ್ತರ: ಪಿಟಿ ಮಾಸ್ತರ್, ಹೊನ್ನಾವರ

ಅಕ್ಕೋರೆ, ಒಬ್ಬರೇ ಹೋಗಬೇಡಿ, ಹೆಡ್ ಮಾಸ್ತರರನ್ನು ಜೊತೆಗೆ ಕೂರಿಸಿಕೊಂಡು ಕರೆ ಮಾಡಿ. ಸ್ಪೀಕರಿನಲ್ಲಿ ಹಾಕಿ. ಅವರೂ ಪ್ರಶ್ನೆ ಕೇಳಲಿ. ಒಂದು ಸಲ ಆ ಕಡೆಯವರ ಜೊತೆ ಮಾತಾಡಿದರೆ ಹೆದರಿಕೆ ಅರ್ಧ ಕಡಿಮೆ.

ಉತ್ತರ: ಗಂಗಾವಳಿ ಅಕ್ಕೋರು

ಪೋಸ್ಟಿನಿಂದ ಆ ಪದಗಳನ್ನು ತೆಗೆದಿದ್ದೇನೆ. ಹೆಡ್ ಮಾಸ್ತರರಿಗೆ ಮೇಲಿನದ್ದೆಲ್ಲ ಓದಿ ಹೇಳಿದೆ. ಕೈಕೆಳಗಿನವರ ವಿಷಯಕ್ಕಿಂತ "ಒಳ್ಳೆಯ ಮನಸ್ಸಿನಿಂದ ಕೊಟ್ಟರೆ ಕೇಸು ಇಲ್ಲ" ಎಂಬ ಮಾತು ಅವರಿಗೆ ಧೈರ್ಯ ಕೊಟ್ಟಿತು ಅನಿಸುತ್ತದೆ. ಇಬ್ಬರೂ ಕೂತು 1098ಕ್ಕೆ ಮಾತಾಡಿದೆವು. ಅವರ ಕಡೆಯವರು ನಾಳೆ ಶಾಲೆಗೆ ಬರುತ್ತಾರೆ. ಮಗುವಿನ ಅಜ್ಜಿ ಒಳ್ಳೆಯವರು, ಇವತ್ತು ಸಂಜೆ ಅವರೇ ಬಂದು ಕರೆದುಕೊಂಡು ಹೋದರು. ನಾಳೆ ತರಗತಿಯಲ್ಲಿ ನಾನು ಹೇಗಿರಬೇಕು?

ಉತ್ತರ: ಘಟ್ಟದ ಮೇಲಿನವಳು

ಎಂದಿನ ಹಾಗೆ. ಮಗುವಿನ ಜಾಗ ಬದಲಿಸಬೇಡಿ, ವಿಶೇಷ ಮುದ್ದೂ ಬೇಡ. ಬಂದವರನ್ನು ಆಫೀಸಿಗೆ ಕರೆದು ಅಲ್ಲಿಗೆ ಮಗುವನ್ನು ಕರೆಸಬೇಡಿ, ಎಲ್ಲರ ಕಣ್ಣಿಗೆ ಬೀಳುತ್ತದೆ. ಗ್ರಂಥಾಲಯದ ಪುಸ್ತಕ ಜೋಡಿಸಲು ಎಂದು ನೀವೇ ಕರೆದುಕೊಂಡು ಹೋಗಿ, ಹೋಗುವ ದಾರಿಯಲ್ಲಿ ಯಾರು ಬಂದಿದ್ದಾರೆ, ಯಾಕೆ ಎಂದು ಮಗುವಿಗೆ ಹೇಳಿ. ಮಾತಾಡುವಾಗ ನೀವು ಇರಬೇಕಾ ಬೇಡವಾ ಎಂದು ಮಗುವನ್ನೇ ಕೇಳಿ. ಬರೆದ ಹಾಳೆಯ ಒಂದು ಪ್ರತಿ ಅವರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಲುಪಿದೆ ಎಂದು ತಾರೀಕು ಸಮೇತ ಸಹಿ ಹಾಕಿಸಿಕೊಳ್ಳಿ. ಮುಂದಿನ ವಾರ ಏನಾಯಿತು ಎಂದು ನೀವೇ ಫೋನ್ ಮಾಡಿ ಕೇಳಿ.